ಬರೆಯ ಬೆಂಕಿ, ಲೇಸರಿನ ಬೆಳಕು: ಶಸ್ತ್ರಚಿಕಿತ್ಸಾ ಕೊಠಡಿಯ ಕಾವಲನ್ನು ಕುರಿತು

ಕಾಯಿಲೆಯನ್ನು ಸುಟ್ಟು ಕಳೆಯುವ ಕ್ರಮ ನಮ್ಮ ಜನಪದ ವೈದ್ಯಕ್ಕೆ ಹೊಸತಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕಾಮಾಲೆಗೆ, ಹೊಟ್ಟೆನೋವಿಗೆ ಬರೆ ಹಾಕಿಸುವ ರೂಢಿ ಬಹುಕಾಲ ಇದ್ದಿತು. ಎಳೆಗೂಸುಗಳ ಮೈಮೇಲೆ ಬರೆ ಎಳೆದು ನಂಜೇರಿಸಿದ ದುರಂತಗಳೂ ಅದೇ ರೂಢಿಯ ಭಾಗವಾದುದರಿಂದ ಪರಂಪರೆಯ ಹೆಸರಿನಲ್ಲಿ ಅದನ್ನು ಸಮರ್ಥಿಸಲಾಗದು. ಶಿಷ್ಟ ಪರಂಪರೆಯ ಸುಶ್ರುತ ಸಂಹಿತೆ ‘ಅಗ್ನಿಕರ್ಮ’ಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಚರ್ಮಕ್ಕೆ ಹಿಪ್ಪಲಿ, ಆಡಿನ ಹಿಕ್ಕೆ, ಹಸುವಿನ ಹಲ್ಲು, ಮಾಂಸಕ್ಕೆ ಲೋಹ, ಸಂದು ಮೂಳೆಗಳಿಗೆ ಜೇನು, ಬೆಲ್ಲ, ಜಿಡ್ಡು ಎಂದು ಸುಡುವ ಸಾಧನವನ್ನು ಅಂಗಕ್ಕೆ ತಕ್ಕಂತೆ ಅದು ವಿಂಗಡಿಸುತ್ತದೆ. ಇಂದಿನ ಲೇಸರ್ ಚಿಕಿತ್ಸೆಯ ತಿರುಳೂ ಈ ವಿಂಗಡಣೆಯೇ. ಹಿಪ್ಪಲಿಯ ಜಾಗದಲ್ಲಿ ಬೆಳಕಿನ ತರಂಗಾಂತರ ಬಂದಿದೆ.

1960ರಲ್ಲಿ ಥಿಯೊಡೋರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದರು. 1964ರಲ್ಲಿ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇಂಗಾಲದ ಡೈಆಕ್ಸೈಡ್ ಲೇಸರನ್ನು ರೂಪಿಸಿದರು. ಇದರ 10,600 ನ್ಯಾನೊಮೀಟರ್ ಕಿರಣವನ್ನು ಅಂಗಾಂಶದ ನೀರು ಹೀರಿಕೊಳ್ಳುವುದರಿಂದ ಕಣ್ಣಿಗೆ ತಾಗಿದರೆ ಹೊರಪದರವಾದ ಕಾರ್ನಿಯ ಸುಡುತ್ತದೆ. ಯಾಗ್ ಲೇಸರಿನ 1,064 ನ್ಯಾನೊಮೀಟರ್ ಕಿರಣವಾದರೋ ಕಾರ್ನಿಯವನ್ನು ದಾಟಿ ಅಕ್ಷಿಪಟಲವನ್ನೇ ಸುಡಬಲ್ಲದು. ಎರಡೂ ಕಣ್ಣಿಗೆ ಕಾಣವು. ಗುರಿ ತೋರುವ ಕೆಂಪು ಚುಕ್ಕೆ ಬೇರೆಯೇ ಬೆಳಕು. ಒಂದಕ್ಕೆ ಮಾಡಿದ ರಕ್ಷಣಾ ಕನ್ನಡಕ ಇನ್ನೊಂದಕ್ಕೆ ಆಗದಿರಲು ಇದೇ ಕಾರಣ. ಕನ್ನಡಕದ ಮೇಲೆ ಮುದ್ರಿಸಿದ ತರಂಗಾಂತರ ಯಂತ್ರದ ಮೇಲಿನದಕ್ಕೆ ಹೊಂದುತ್ತದೆಯೇ ಎಂದು ಪ್ರತಿಸಲವೂ ನೋಡಲೇಬೇಕು.

ಬರೆಯ ಕಬ್ಬಿಣ ಕೆಂಪಗೆ ಕಾದುದು ಎಲ್ಲರಿಗೂ ಕಾಣುತ್ತಿತ್ತು. ಮಕ್ಕಳೂ ದೂರ ಸರಿಯುತ್ತಿದ್ದರು. ಲೇಸರಿನಲ್ಲಿ ಆ ಎಚ್ಚರಿಕೆ ತಾನಾಗಿ ಹುಟ್ಟುವುದಿಲ್ಲ. ಶಸ್ತ್ರಚಿಕಿತ್ಸೆಯ ಲೇಸರುಗಳಲ್ಲಿ ಹೆಚ್ಚಿನವು 4ನೆಯ ವರ್ಗಕ್ಕೆ, ಅಂದರೆ ಅರ್ಧ ವಾಟಿಗಿಂತ ಹೆಚ್ಚು ಶಕ್ತಿಯ ವರ್ಗಕ್ಕೆ ಸೇರಿದವು. ಹೊಳಪಿನ ಚಿಮಟದಿಂದ ಪ್ರತಿಫಲಿಸಿದ ಕಿರಣವೂ ಮೂಲೆಯಲ್ಲಿ ನಿಂತ ಆಯಾಳ ಕಣ್ಣು ಕೆಡಿಸಬಹುದು. ಆದ್ದರಿಂದ ಹೊಳಪಿಲ್ಲದ ಉಪಕರಣ, ಮುಚ್ಚಿದ ಕಿಟಕಿ, ಬಾಗಿಲಿಗೆ ಫಲಕ, ಗಾಯದ ಸುತ್ತ ಒದ್ದೆ ಬಟ್ಟೆ ಇವು ಕಡ್ಡಾಯ. ಮದ್ಯಸಾರವಿರುವ ದ್ರಾವಣವನ್ನು ಚರ್ಮಕ್ಕೆ ಹಚ್ಚಿದ್ದರೆ ಅದು ಪೂರ್ತಿ ಆರಬೇಕು.

ಅತ್ಯಂತ ಭೀಕರವಾದುದು ಶ್ವಾಸಮಾರ್ಗದ ಬೆಂಕಿ. ಗಂಟಲಿನ ಚಿಕಿತ್ಸೆಯಲ್ಲಿ ಕಿರಣ ಉಸಿರಿನ ನಳಿಕೆಗೆ ತಾಗಿದರೆ ಒಳಗಿನ ಆಮ್ಲಜನಕದಿಂದ ಕ್ಷಣಾರ್ಧದಲ್ಲಿ ಉರಿಯೇಳುತ್ತದೆ. ನೈಟ್ರಸ್ ಆಕ್ಸೈಡೂ ಉರಿಯನ್ನು ಪೋಷಿಸುವ ಅನಿಲವೇ. ಲೇಸರಿಗೆಂದೇ ತಯಾರಿಸಿದ ನಳಿಕೆಯನ್ನು ಬಳಸಿ, ಆಮ್ಲಜನಕವನ್ನು ಶೇಕಡಾ 30ಕ್ಕಿಂತ ಕೆಳಗಿಳಿಸಿ, ನಳಿಕೆಯ ಬುಗ್ಗೆಗೆ ನೀಲಿ ಬಣ್ಣದ ಲವಣದ್ರಾವಣ ತುಂಬುತ್ತಾರೆ. ಬುಗ್ಗೆ ಒಡೆದರೆ ನೀಲಿ ಕಾಣುತ್ತದೆ. ಬೆಂಕಿ ಹತ್ತಿದರೆ ಅನಿಲ ನಿಲ್ಲಿಸಿ, ನಳಿಕೆ ಕಿತ್ತು, ಕೈಯಳತೆಯಲ್ಲಿಟ್ಟ ಲವಣದ್ರಾವಣ ಸುರಿಯಬೇಕು. ಹೊಗೆಯೂ ನಿರಪಾಯಕಾರಿಯಲ್ಲ: ನರುಲಿಗಳನ್ನು ಸುಟ್ಟಾಗ ಏಳುವ ಹೊಗೆಯಲ್ಲಿ ಪ್ಯಾಪಿಲೋಮಾ ವೈರಾಣುವಿನ ಡಿಎನ್‌ಎ ಇರುವುದನ್ನು 1988ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹೊಗೆ ಹೀರುವ ಕೊಳವೆಯನ್ನು ಗಾಯದ ಹತ್ತಿರವೇ ಹಿಡಿಯಬೇಕು.

ಇಷ್ಟನ್ನೂ ಯಾರು ನೋಡಿಕೊಳ್ಳಬೇಕು? ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ವ್ಯಾಪ್ತಿ ಕ್ಷ-ಕಿರಣದಂತಹ ಅಯಾನೀಕರಿಸುವ ವಿಕಿರಣಕ್ಕೆ ಸೀಮಿತವಾದುದರಿಂದ ಲೇಸರಿನ ದಿನನಿತ್ಯದ ಹೊಣೆ ಬಹುಮಟ್ಟಿಗೆ ಆಸ್ಪತ್ರೆಯದೇ. ಇಲ್ಲಿ ಮಾಸೂರಿನ ಮದಗದ ಕೆರೆ ನೆನಪಾಗುತ್ತದೆ. (ಇದೇ ಹೆಸರಿನ ಕೆರೆ ಕಡೂರು ಸೀಮೆಯಲ್ಲೂ ಉಂಟು.) ನಮ್ಮ ಕೆರೆಗಳ ತೂಬನ್ನು ಬೇಕಾದವರು ಬೇಕಾದಾಗ ಎತ್ತುವಂತಿರಲಿಲ್ಲ, ಅದಕ್ಕೆ ನೀರುಗಂಟಿ ಇದ್ದ, ಗೌಡನೂ ಅವನನ್ನು ಕೇಳಬೇಕಿತ್ತು. ಲೇಸರ್ ಸುರಕ್ಷಾಧಿಕಾರಿಯದು ಅಂತಹುದೇ ಸ್ಥಾನ. ಯಂತ್ರದ ಕೀಲಿಕೈ ಅವರ ವಶದಲ್ಲಿರಬೇಕು. ಕಾಲೊತ್ತುಗೆ ಶಸ್ತ್ರವೈದ್ಯರ ಪಾದದ ಬಳಿ ಒಂದೇ ಇರಬೇಕು. ಹಿರಿಯ ವೈದ್ಯರನ್ನೂ ತಡೆದು ನಿಲ್ಲಿಸುವ ಅಧಿಕಾರ ಆ ವ್ಯಕ್ತಿಗೆ ಬರಹದಲ್ಲಿ ದೊರೆಯದಿದ್ದರೆ ನೇಮಕ ಹೆಸರಿಗಷ್ಟೇ.

ಜಾನಪದ ಅಧ್ಯಯನಕಾರರಿಗೆ ಹೆಚ್ಚು ಕುತೂಹಲದ ಸಂಗತಿ ಭಾಷೆ. ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಬಹಳಷ್ಟು ಜನ ‘ಲೇಸರ್ ಆಪರೇಷನ್ ಆಯಿತು’ ಎನ್ನುತ್ತಾರೆ. ಹೊಲಿಗೆಯಿಲ್ಲದ ಆ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಪೊರೆಯನ್ನು ಒಡೆಯುವುದು ಶ್ರವಣಾತೀತ ಧ್ವನಿತರಂಗ. ಮುಂದೆ ಮಸೂರದ ಹಿಂಬದಿ ಮಬ್ಬಾದಾಗ ಬಳಸುವುದು ಯಾಗ್ ಲೇಸರ್. ಜನರ ಮಾತಿನಲ್ಲಿ ಲೇಸರ್ ಎಂದರೆ ನೋವಿಲ್ಲದ್ದು, ಅಪಾಯವಿಲ್ಲದ್ದು. ಅದೇ ಅರ್ಥವನ್ನು ಹೊತ್ತು ಅದೇ ಹಳ್ಳಿಗಳಿಂದ ಬಂದವರು ಆಸ್ಪತ್ರೆಯಲ್ಲಿ ನೆಲ ಒರೆಸುತ್ತಾರೆ, ಗಾಲಿಮಂಚ ತಳ್ಳುತ್ತಾರೆ. ಬಾಗಿಲ ಫಲಕ ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಅವರ ಕಣ್ಣಿಗೆ ಕಾವಲಿಲ್ಲ. ಕನ್ನಡ ಫಲಕದಲ್ಲೂ ‘ಸನ್ನದ್ಧ ಸ್ಥಿತಿ’ಯಂತಹ ಗ್ರಂಥಸ್ಥ ಪದಗಳು ನಿರುಪಯುಕ್ತ. ಕಿರಣ ಬಿಡುವ ಮೊದಲು ವೈದ್ಯರು ‘ಲೇಸರ್ ಚಾಲೂ’ ಎಂದು ಕೂಗಿ, ಕೊಠಡಿಯಲ್ಲಿದ್ದವರೆಲ್ಲ ಕನ್ನಡಕ ಮುಟ್ಟಿ ನೋಡಿಕೊಂಡು ಅದನ್ನೇ ಮರುನುಡಿದು, ನಿಂತಾಗ ‘ಲೇಸರ್ ಬಂದ್’ ಎಂದರೆ ಸಾಕು. ಪಂಪ್‌ಸೆಟ್ಟಿಗೂ ಗಿರಣಿಗೂ ಈ ಭಾಗದ ಜನ ಬಳಸುವ ಮಾತುಗಳು ಇವೇ.