ಚಕ್ರದ ಜಾಡು, ರಸ್ತೆಯ ಸವೆತ

ಕ್ರಿ. ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪಾಂಪೆ ನಗರದ ಕಲ್ಲುಹಾಸಿನ ಬೀದಿಗಳಲ್ಲಿ ಗಾಡಿಯ ಚಕ್ರಗಳು ಕೊರೆದ ಜಾಡುಗಳನ್ನು ಇಂದಿಗೂ ಕಾಣುತ್ತೇವೆ. ಅವುಗಳ ಆಳ ಎಲ್ಲೆಡೆಯೂ ಒಂದೇ ಅಲ್ಲ. ಸಂಚಾರದ ಹೆಚ್ಚು ಕಡಮೆಯೂ ಕಲ್ಲು ಹಾಸಿದ ಕಾಲವೂ ಅದನ್ನು ನಿರ್ಣಯಿಸಿದವು.

ಇಂದಿನ ಡಾಂಬರು ರಸ್ತೆಯ ಹಾನಿ ಬೇರೆ ಬಗೆಯದು. ಭಾರವಾದ ಚಕ್ರ ಹಾಯ್ದಾಗಲೆಲ್ಲ ರಸ್ತೆಯ ಪದರ ಕಿಂಚಿತ್ತು ಬಾಗುತ್ತದೆ. ಬಾಗಿ ಬಾಗಿ ಬಿರುಕುಬಿಡುತ್ತದೆ. ಬಿರುಕಿನೊಳಗೆ ಮಳೆನೀರು ಇಳಿದು ತಳಪಾಯವನ್ನು ಸಡಿಲಿಸುತ್ತದೆ. 1958–60ರಲ್ಲಿ ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿ ನಡೆದ ಪರೀಕ್ಷೆಯಿಂದ, ಅಚ್ಚಿನ ಮೇಲಣ ಹೊರೆ ಇಮ್ಮಡಿಸಿದರೆ ಹಾನಿಯು ಸುಮಾರು 16 ಮಡಿಯಾಗುವುದೆಂದು ತಿಳಿದುಬಂದಿತು. ತುಂಬಿದ ಒಂದು ಲಾರಿ ಮಾಡುವಷ್ಟು ಹಾನಿಯನ್ನು ನೂರು ಕಾರುಗಳೂ ಮಾಡಲಾರವು.

ಆದುದರಿಂದ ರಸ್ತೆಯ ದುಃಸ್ಥಿತಿಗೆ ವಾಹನಗಳ ಸಂಖ್ಯೆಯನ್ನಷ್ಟೇ ದೂರುವುದು ಸಲ್ಲದು. ನಾವು ಎಣಿಕೆಯೊಡನೆ ತೂಕವನ್ನೂ ಕೇಳಬೇಕು.