ನೀರಿನ ಗೆರೆಯ ಮೇಲೆ, ಕೆಳಗೆ

ಮಾರ್ಚ್ ಕೊನೆ. ಗೊರೂರು ಜಲಾಶಯದ ನೀರು ಇಳಿದು ಶೆಟ್ಟಿಹಳ್ಳಿಯ ರೋಸರಿ ಚರ್ಚು ಬುಡದವರೆಗೂ ಕಾಣುತ್ತಿದೆ. ಪ್ರವಾಸಿಗರ ಬೈಕುಗಳು ಇನ್ನೂ ಬಂದಿಲ್ಲ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದ ಚರ್ಚು ಇದು. ಹೇಮಾವತಿಗೆ ಅಣೆಕಟ್ಟು ಬಂದಾಗ ಊರು ಎದ್ದುಹೋಯಿತು, ಗೋಡೆಗಳು ಉಳಿದವು. ಗಾರೆಗೆ ಬೆಲ್ಲ, ಮೊಟ್ಟೆ ಹಾಕಿದ್ದರೆಂದು ಸುತ್ತಲಿನವರು ಹೇಳುತ್ತಾರೆ.

ಮೈಸೂರಿನ ಸಂತ ಫಿಲೋಮಿನಾ ಚರ್ಚಿನ 175 ಅಡಿ ಗೋಪುರಗಳನ್ನು ನೋಡಿದವರಿಗೆ ಇದು ಸಣ್ಣದೆನಿಸೀತು. ಆದರೆ ಗಾಥಿಕ್ ಹೇಗೆ ನಿಲ್ಲುತ್ತದೆಂದು ತಿಳಿಯಬೇಕಾದರೆ ಇಲ್ಲಿಗೇ ಬರಬೇಕು. ಚಾವಣಿ ಹೋಗಿದೆ, ಗಿಲಾವು ಉದುರಿದೆ, ಕಮಾನಿನ ಇಟ್ಟಿಗೆಗಳು ಒಂದೊಂದಾಗಿ ಕಾಣುತ್ತವೆ. ಅರ್ಧವೃತ್ತದ ಕಮಾನು ಭಾರವನ್ನು ಪಕ್ಕಕ್ಕೆ ಹೆಚ್ಚು ತಳ್ಳುತ್ತದೆ. ಚೂಪು ಕಮಾನು ಅದನ್ನು ಹೆಚ್ಚಾಗಿ ನೆಲಕ್ಕೇ ಇಳಿಸುತ್ತದೆ. ಮೇಲೆ ಹೊರಲು ಏನೂ ಇಲ್ಲದಿದ್ದರೂ ಇವು ತಮ್ಮ ಭಾರಕ್ಕೇ ಬಿಗಿದುಕೊಂಡು ನಿಂತಿವೆ.

ಗೋಡೆಯ ಮೇಲೆ ನೀರು ಎಳೆದ ಗೆರೆಯೊಂದಿದೆ. ಅದರ ಕೆಳಗೆ ಒಣಗಿದ ಪಾಚಿ, ಇಟ್ಟಿಗೆ ಸಂದಿಯಲ್ಲಿ ಅಂಟಿಕೊಂಡ ಬಸವನಹುಳುವಿನ ಚಿಪ್ಪು. ಗಿಡ ಒಂದೂ ಇಲ್ಲ. ಮೊಳೆತದ್ದೆಲ್ಲ ಮಳೆಗಾಲದಲ್ಲಿ ಮುಳುಗಿ ಸಾಯುತ್ತದೆ. ಗೆರೆಯ ಮೇಲೆ ಮಾತ್ರ ಅರಳಿ ಸಸಿಗಳು. ಕಮಾನಿನ ತುದಿಯಲ್ಲಿ ಗೊರವಂಕವೊಂದು ಕೂತು, ರೆಕ್ಕೆ ಕೊಡವಿ, ಹಿಕ್ಕೆ ಹಾಕಿ ಹಾರಿತು. ಬೀಜ ಬರುವ ದಾರಿ ಅದೇ. ಬೆರಳು ಗಾತ್ರದ ಸಸಿಯ ಬೇರು ಆಗಲೇ ಗಾರೆಯ ಸಾಲು ಹಿಡಿದು ಮೊಳದುದ್ದ ಇಳಿದಿತ್ತು. ಇಟ್ಟಿಗೆಯನ್ನು ಬಿಟ್ಟು ಮೆತ್ತಗಿನ ಸುಣ್ಣವನ್ನೇ ಹುಡುಕಿ ಹೋಗುತ್ತದೆ ಅದು.

ಹಾಗಾಗಿ ಚರ್ಚನ್ನು ನೀರು ತಿನ್ನುತ್ತಿದೆ ಎನ್ನುವುದು ಅರ್ಧ ಮಾತ್ರ ನಿಜ. ನೆನೆದು ಒಣಗಿ, ಮತ್ತೆ ನೆನೆದು ಗಾರೆ ಸಡಿಲವಾಗುತ್ತದೆ, ಸರಿ. ಅದೇ ನೀರು ಬುಡದ ಗೋಡೆಯನ್ನು ಅರಳಿಯಿಂದ ಕಾಯುತ್ತಲೂ ಇದೆ. ಗೋಡೆ ಹತ್ತಿ ಹೆಸರು ಕೆತ್ತುವವರಿಂದ ಮಾತ್ರ ಅದು ಬೇಸಿಗೆಯಲ್ಲಿ ಕಾಯಲಾರದು.

ಹೊರಗೆ ಬಿರುಕುಬಿಟ್ಟ ಕೆಸರಿನಲ್ಲಿ ಟಿಟ್ಟಿಭವೊಂದು ನನ್ನ ತಲೆಯ ಮೇಲೇ ಸುತ್ತಿ ಕಿರುಚಿತು. ಹತ್ತಿರದಲ್ಲೇ ಮೊಟ್ಟೆ ಇರಬೇಕು. ಮಣ್ಣಿನ ಬಣ್ಣದಲ್ಲಿ ಕಲೆತುಹೋಗುವ ಮೊಟ್ಟೆ, ಕಾಲಿಟ್ಟರೆ ಮುಗಿಯಿತು. ಬಂದ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ಹಿಂದೆ ಸರಿದೆ. ಆ ಹೊತ್ತಿಗೆ ಮೊದಲ ಬೈಕು ಬಂತು.