ಕಾಳುಮೆಣಸಿಗೆ ಒಂದು ಮಿತಿ, ಅಡಿಕೆಗೆ ಇನ್ನೊಂದು: ಅಂಗಡಿಯ ಸಾಫ್ಟ್‌ವೇರ್‌ನಲ್ಲಿ ಗುಣಮಟ್ಟದ ನಿಯಮ ಹಾಕೋದು ಹೇಗೆ?

ಕೊಪ್ಪ: ಭಂಡಿಗಡಿ ಕಡೆಯ ಒಂದು ಖರೀದಿ ಅಂಗಡಿ ಅಂತ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ಅಡಿಕೆ, ಕಾಫಿ. ಅದರ ಬೆನ್ನಿಗೇ ಕಾಳುಮೆಣಸು. ಬೇಸಿಗೆಯಲ್ಲಿ ಒಂದಿಷ್ಟು ಜೇನು. ಬಿಲ್ಲು, ತೂಕ, ಜಿಎಸ್‌ಟಿ ಎಲ್ಲಾ ಕಂಪ್ಯೂಟರ್‌ಗೆ ಹೋಗಿ ವರ್ಷಗಳಾದವು. ಆದರೆ ಸರಕಿನ ಗುಣಮಟ್ಟಕ್ಕೆ ಇರೋದು ಒಂದೇ ಕಾಲಂ: ತೇವಾಂಶ. ಅದಕ್ಕೆ ಒಂದೇ ಮಿತಿ: ಶೇ 12.

ಆಗ ಏನಾಗುತ್ತೆ ನೋಡಿ. ಶೇ 12 ತೇವದ ಮೆಣಸು ಪಾಸು, ಅದು ಸರಿ. ಶೇ 11.5 ತೇವದ ಕಾಫಿ ಪಾರ್ಚ್‌ಮೆಂಟ್ ಕೂಡ ಪಾಸು, ಇದು ತಪ್ಪು. ಪಾರ್ಚ್‌ಮೆಂಟ್ ಶೇ 10ರ ಆಸುಪಾಸಿಗೆ ಒಣಗಿರಬೇಕು. ಶೇ 18 ತೇವದ ಒಳ್ಳೇ ಜೇನು ಬಂದರೆ ಕಂಪ್ಯೂಟರ್ ಕೆಂಪು ಬಣ್ಣದಲ್ಲಿ 'ತಿರಸ್ಕೃತ' ಅನ್ನುತ್ತೆ. ತಪ್ಪು ಕಂಪ್ಯೂಟರಿನದಲ್ಲ. ಯಾವ ಸರಕಿಗೆ ಯಾವ ಪರೀಕ್ಷೆ, ಎಷ್ಟು ಮಿತಿ ಅಂತ ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ.

ಹೇಳಿಕೊಡದೇ ಇದ್ದರೆ ನಷ್ಟ ಎಷ್ಟು? ಲೆಕ್ಕ ಸುಲಭ. ಶೇ 15 ತೇವವಿರುವ 100 ಕೆಜಿ ಮೆಣಸನ್ನು ಒಣಗಿದ ಮೆಣಸಿನ ದರಕ್ಕೇ ಕೊಂಡಿರಿ. ಅದನ್ನು ಶೇ 12ಕ್ಕೆ ಒಣಗಿಸಿದಾಗ ಉಳಿಯೋದು ಸುಮಾರು 96.6 ಕೆಜಿ. ಕೆಜಿಗೆ ₹600 ಅಂತ ಹಿಡಿದರೂ ಕ್ವಿಂಟಲ್‌ಗೆ ₹2,000ಕ್ಕಿಂತ ಹೆಚ್ಚು ಆವಿಯಾಗಿ ಹೋಯಿತು. ಒಣಗಿಸದೆ ಹಾಗೇ ಪೇರಿಸಿಟ್ಟರೆ ಬೂಷ್ಟು, ಆಮೇಲೆ ಪೂರಾ ಲೋಡ್ ವಾಪಸ್.

ಒಂದೊಂದು ಸರಕಿಗೂ ಒಂದೊಂದು ಲೆಕ್ಕ

ಕಾಳುಮೆಣಸಿಗೆ ತೇವ ನೋಡಿದರೆ ಸಾಲದು, ಲೀಟರ್ ತೂಕವೂ ಬೇಕು. ಅಂದರೆ ಒಂದು ಲೀಟರ್ ಅಳತೆಯಲ್ಲಿ ಎಷ್ಟು ಗ್ರಾಂ ಕಾಳು ತೂಗುತ್ತೆ ಅನ್ನೋದು. ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆ ಕೋಡೆಕ್ಸ್ 2017ರಲ್ಲಿ ಗೊತ್ತುಮಾಡಿದ ಪ್ರಕಾರ ಮೊದಲ ದರ್ಜೆಯ ಕರಿಮೆಣಸು ಲೀಟರಿಗೆ ಕನಿಷ್ಠ 550 ಗ್ರಾಂ, ಎರಡನೆಯದು 500, ಮೂರನೆಯದು 400 ತೂಗಬೇಕು. ತೇವ ಮೊದಲ ಎರಡು ದರ್ಜೆಗೆ ಶೇ 12, ಮೂರನೆಯದಕ್ಕೆ ಶೇ 13. ಜಳ್ಳು ಕಾಳು, ಹೀಚು, ಕಸ ಬೇರೆ ಬೇರೆ ಸಾಲು. ಅದೇ ಮೆಣಸನ್ನು ಪುಡಿ ಮಾಡಿ ಪ್ಯಾಕೆಟ್ ಹಾಕಿದರೆ ಲೀಟರ್ ತೂಕಕ್ಕೆ ಅರ್ಥವೇ ಇಲ್ಲ. ಅಲ್ಲಿ ಬೂದಿಯ ಪ್ರಮಾಣ, ನಾರು, ಎಣ್ಣೆ ಅಂಶ ಕೇಳ್ತಾರೆ. ಹಾಗಾಗಿ ಸಾಫ್ಟ್‌ವೇರ್‌ನಲ್ಲಿ 'ಮೆಣಸು' ಅಂತ ಒಂದೇ ಐಟಂ ಇಡಬೇಡಿ. ಕಾಳು ಬೇರೆ, ಪುಡಿ ಬೇರೆ.

ಜೇನಿನದು ಇನ್ನೂ ಸೂಕ್ಷ್ಮ. ಎಫ್‌ಎಸ್‌ಎಸ್‌ಎಐ ಮಾನದಂಡದಲ್ಲಿ ತೇವ ಶೇ 20 ಮೀರುವಂತಿಲ್ಲ. ಮಲೆನಾಡಿನ ತುಡುವೆ ಜೇನು ಎಷ್ಟೋ ಸಲ ಅದಕ್ಕಿಂತ ತೆಳ್ಳಗೇ ಇರುತ್ತೆ, ಅದರಲ್ಲೂ ಮೇಣದ ಮುಚ್ಚಳ ಬೀಳುವ ಮೊದಲೇ ಎರಿ ತೆಗೆದರೆ. ಸಕ್ಕರೆಯ ವಿಷಯಕ್ಕೆ ಬಂದರೆ ಸುಕ್ರೋಸ್ ಶೇ 5ರೊಳಗೆ ಇರಬೇಕು, ಆದರೆ ಸಹ್ಯಾದ್ರಿಯ ಕಾರ್ವಿ ಹೂವಿನ ಜೇನಿಗೆ ಶೇ 10ರವರೆಗೆ ವಿನಾಯಿತಿ ಇದೆ. ಜೇನು ಒಂದೇ, ಹೂವು ಬೇರೆಯಾದರೆ ನಿಯಮವೂ ಬೇರೆ.

ಅಡಿಕೆಯಲ್ಲಂತೂ ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು ಅಂತ ದರ್ಜೆ ನಿಲ್ಲಿಸೋದು ಕಣ್ಣು ಮತ್ತು ಕೈ. ಆ ಅನುಭವಕ್ಕೆ ಯಾವ ಮೀಟರೂ ಬದಲಿಯಲ್ಲ. ಆದರೆ ಕಾನೂನಿನ ಅಂಕಿಗಳು ಬೇರೆಯೇ ಇವೆ: ತೇವ ಶೇ 7, ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ವಿಷ ಕೆಜಿಗೆ 15 ಮೈಕ್ರೋಗ್ರಾಂ. ಮಲೆನಾಡಿನ ಹವೆಯಲ್ಲಿ ಶೇ 7 ಕಷ್ಟ. ಇದನ್ನು ಶೇ 11ಕ್ಕೆ ಏರಿಸಿ ಎಂದು ಕ್ಯಾಂಪ್ಕೊ ಕೇಳಿದ್ದು ಇದೇ ಕಾರಣಕ್ಕೆ.

ಕಂಪ್ಯೂಟರ್‌ಗೆ ಹೇಳೋದು ಹೇಗೆ

ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ದಾರಿ ಒಂದೇ ಥರ. ಉದಾಹರಣೆಗೆ ಈಆರ್‌ಪಿನೆಕ್ಸ್ಟ್ ತಗೊಳ್ಳಿ. ಮುಂಬೈಯ ಫ್ರಾಪೆ ಕಂಪನಿಯದು, ಓಪನ್ ಸೋರ್ಸ್. ಸ್ವಂತ ಕಂಪ್ಯೂಟರ್‌ನಲ್ಲಿ ಹಾಕಿಕೊಂಡರೆ ಲೈಸೆನ್ಸ್ ದುಡ್ಡಿಲ್ಲ. ಅದರಲ್ಲಿ ಮೊದಲು 'ಕ್ವಾಲಿಟಿ ಇನ್‌ಸ್ಪೆಕ್ಷನ್ ಟೆಂಪ್ಲೇಟ್' ಅಂತ ಒಂದು ಪಟ್ಟಿ ಮಾಡಬೇಕು. ಕಾಳುಮೆಣಸಿನ ಟೆಂಪ್ಲೇಟ್‌ನಲ್ಲಿ ತೇವ, ಲೀಟರ್ ತೂಕ, ಜಳ್ಳು, ಕಸ ಅಂತ ಒಂದೊಂದು ಸಾಲು. ಎದುರಿಗೆ ಕನಿಷ್ಠ, ಗರಿಷ್ಠ ಅಂಕಿ. ವಾಸನೆ, ಬಣ್ಣದಂಥ ಅಂಕಿಯಿಲ್ಲದ ವಿಷಯಕ್ಕೆ ಅಕ್ಷರದಲ್ಲೇ ಬರೆಯಬಹುದು. ಆಮೇಲೆ ಐಟಂ ಪುಟಕ್ಕೆ ಹೋಗಿ ಈ ಟೆಂಪ್ಲೇಟ್ ಅಂಟಿಸಿ, 'ಖರೀದಿಗೆ ಮುಂಚೆ ಪರೀಕ್ಷೆ ಬೇಕು', 'ಕಳಿಸುವ ಮುಂಚೆ ಪರೀಕ್ಷೆ ಬೇಕು' ಎಂಬ ಎರಡು ಚೌಕಗಳಲ್ಲಿ ಬೇಕಾದ್ದಕ್ಕೆ ಟಿಕ್ ಹಾಕಬೇಕು.

ನಮ್ಮ ಕಡೆಯ ಮಳೆಗೆ ಎರಡಕ್ಕೂ ಟಿಕ್ ಹಾಕೋದೇ ಸರಿ. ಫೆಬ್ರವರಿಯಲ್ಲಿ ಶೇ 11 ಇದ್ದ ಮೆಣಸು ಗೋದಾಮಿನಲ್ಲಿ ಕೂತು ಆಷಾಢ ಕಳೆಯೋ ಹೊತ್ತಿಗೆ ತೇವ ಎಳೆದುಕೊಂಡಿರುತ್ತೆ. ಕೊಂಡಾಗಿನ ರೀಡಿಂಗ್ ತೋರಿಸಿ ಆಗಸ್ಟ್‌ನಲ್ಲಿ ಲಾರಿ ಹತ್ತಿಸಿದರೆ ಆ ಕಡೆಯವನ ಮೀಟರ್ ಒಪ್ಪಲ್ಲ.

ಮಿತಿ ಮೀರಿದಾಗ ಏನು ಮಾಡಬೇಕು ಅನ್ನೋದನ್ನೂ ಸೆಟ್ಟಿಂಗ್‌ನಲ್ಲೇ ಹೇಳಬಹುದು: ಒಂದೋ ಎಚ್ಚರಿಕೆ ಕೊಟ್ಟು ಬಿಡು, ಇಲ್ಲಾ ಬಿಲ್ ಮುಂದಕ್ಕೆ ಹೋಗದಂತೆ ತಡೆ. ಇಲ್ಲಿ ಒಂದು ಕಿರಿಕಿರಿ ಇದೆ. ಈ ಆಯ್ಕೆ ಐಟಂ ಲೆಕ್ಕದಲ್ಲಲ್ಲ, ಇಡೀ ಸ್ಟಾಕ್ ಸೆಟ್ಟಿಂಗ್‌ಗೆ ಸೇರಿದ್ದು. ಹಾಗಾಗಿ ಮೊದಲ ಸೀಸನ್ ಎಚ್ಚರಿಕೆಯಲ್ಲೇ ನಡೆಸಿ, ಅಂಕಿಗಳು ಸರಿಯಿವೆ ಅಂತ ಖಾತ್ರಿಯಾದ ಮೇಲೆ ತಡೆಗೆ ಬದಲಿಸೋದು ವಾಸಿ. ಇಲ್ಲದಿದ್ದರೆ ಸಂತೆ ದಿನ ಬಾಗಿಲಲ್ಲಿ ಜೀಪು ನಿಂತಿರುತ್ತೆ, ಬಿಲ್ ಬರಲ್ಲ, ಹುಡುಗ ರೀಡಿಂಗನ್ನೇ ಸುಳ್ಳು ಬರೆಯೋಕೆ ಶುರು ಮಾಡ್ತಾನೆ.

ಎಷ್ಟು ಚೀಲ ನೋಡಬೇಕು? ಮಸಾಲೆ ಪದಾರ್ಥದ ಮಾದರಿ ತೆಗೆಯೋಕೆ ಐಎಸ್‌ಒ 948 ಎಂಬ ಕ್ರಮ ಇದೆ. ನಾಲ್ಕು ಚೀಲದವರೆಗೆ ಎಲ್ಲವನ್ನೂ, 5ರಿಂದ 49ರವರೆಗೆ ಐದು ಚೀಲ, 50ರಿಂದ 100ರವರೆಗೆ ಹತ್ತರಲ್ಲೊಂದು, ಅದಕ್ಕೆ ಮೇಲ್ಪಟ್ಟರೆ ವರ್ಗಮೂಲದಷ್ಟು. ಐದು ಚೀಲದ ಸರಾಸರಿ ತೆಗೆದು ಬರೆಯೋ ಅಭ್ಯಾಸ ಬಿಡಬೇಕು. ನಾಲ್ಕು ಚೀಲ ಶೇ 11, ಒಂದು ಶೇ 15 ಇದ್ದರೆ ಸರಾಸರಿ 11.8, ಪಾಸು! ಬೂಷ್ಟು ಹಿಡಿಯೋದು ಮಾತ್ರ ಆ ಐದನೇ ಚೀಲದಿಂದಲೇ. ರೀಡಿಂಗ್‌ಗಳನ್ನು ಬಿಡಿಬಿಡಿಯಾಗಿ ತುಂಬಿಸಿದರೆ ಸಾಫ್ಟ್‌ವೇರ್ ಒಂದೊಂದನ್ನೂ ಮಿತಿಗೆ ಹೋಲಿಸುತ್ತೆ.

ಮೀಟರ್ ವಿಷಯ ಮರೆಯುವಂತಿಲ್ಲ. ಕೈಯಲ್ಲಿ ಹಿಡಿಯುವ ತೇವಾಂಶ ಮೀಟರ್‌ನಲ್ಲಿ ಬೆಳೆ ಆರಿಸುವ ಬಟನ್ ಇರುತ್ತೆ. ಕಾಫಿಗೆ ಇಟ್ಟ ಮೀಟರ್‌ನಲ್ಲಿ ಮೆಣಸು ನೋಡಿದರೆ ಬರುವ ಅಂಕಿ ಯಾವುದಕ್ಕೂ ಸಲ್ಲದು. 'ಮೀಟರ್ ಯಾವ ಬೆಳೆಗೆ ಇಟ್ಟಿತ್ತು' ಅನ್ನೋದನ್ನೇ ಟೆಂಪ್ಲೇಟ್‌ನಲ್ಲಿ ಮೊದಲ ಸಾಲು ಮಾಡಿಬಿಡಬಹುದು.

ಅಂಗಡಿಯಲ್ಲಿ ಆಗದ ಪರೀಕ್ಷೆ

2012ರ ಕೊನೆಯಲ್ಲಿ ಕೊಚ್ಚಿಯ ಮುಂಗಡ ವಹಿವಾಟಿನ ಗೋದಾಮುಗಳಲ್ಲಿದ್ದ ಸಾವಿರಾರು ಟನ್ ಮೆಣಸಿಗೆ ಆಹಾರ ಸುರಕ್ಷತಾ ಇಲಾಖೆ ಸೀಲ್ ಹಾಕಿತು. ಕಾಳು ಹೊಳೆಯಲಿ, ಬೂಷ್ಟು ಬಾರದಿರಲಿ ಅಂತ ಹಚ್ಚಿದ ಖನಿಜ ತೈಲ ಅದರಲ್ಲಿದೆ ಎಂಬ ದೂರಿನ ಮೇಲೆ. ತೇವದ ಮೀಟರ್, ಲೀಟರ್ ಅಳತೆ ಎರಡಕ್ಕೂ ಎಣ್ಣೆ ಸಿಕ್ಕಿಬೀಳಲ್ಲ. ಅದಕ್ಕೆ ಲ್ಯಾಬ್ ಬೇಕು. ಅಫ್ಲಾಟಾಕ್ಸಿನ್‌ಗೂ ಅಷ್ಟೇ. ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಇರುವ ತಯಾರಕರು ಹೇಗೂ ಆರು ತಿಂಗಳಿಗೊಮ್ಮೆಯಾದರೂ ಪರೀಕ್ಷೆ ಮಾಡಿಸಲೇಬೇಕು. ಅಂಥ ಪರೀಕ್ಷೆಗಳಿಗೆ ಬೇರೆ ಟೆಂಪ್ಲೇಟ್ ಮಾಡಿ, ಲ್ಯಾಬ್ ವರದಿಯನ್ನು ಆಯಾ ಲಾಟ್ ನಂಬರಿಗೇ ಲಗತ್ತಿಸಿಟ್ಟರೆ ತಪಾಸಣೆಗೆ ಬಂದವರ ಮುಂದೆ ಫೈಲ್ ಹುಡುಕುವ ಪಾಡಿಲ್ಲ.

ಕೊನೆಗೆ, ಮಿತಿ ಬದಲಾದಾಗ ಹಳೇ ಟೆಂಪ್ಲೇಟ್‌ನ ಅಂಕಿಯನ್ನೇ ಅಳಿಸಿ ಬರೆಯಬೇಡಿ. ಅಡಿಕೆಗೆ ನಾಳೆ ಶೇ 7 ಹೋಗಿ ಬೇರೆ ಅಂಕಿ ಬಂತು ಅಂತಿಟ್ಟುಕೊಳ್ಳಿ. 'ಅಡಿಕೆ – ಹೊಸ ಮಿತಿ' ಅಂತ ತಾರೀಖು ಸಮೇತ ಇನ್ನೊಂದು ಟೆಂಪ್ಲೇಟ್ ಮಾಡಿ, ಐಟಂಗೆ ಅದನ್ನು ಜೋಡಿಸಿ. ಹೋದ ವರ್ಷದ ಲಾಟ್ ಬಗ್ಗೆ ಯಾರಾದರೂ ತಕರಾರು ತೆಗೆದರೆ, ಅವತ್ತು ಯಾವ ಅಂಕಿ ನೋಡಿ ಕೊಂಡಿದ್ದು ಅಂತ ತೋರಿಸೋಕೆ ಹಳೇದು ಹಾಗೇ ಇರುತ್ತೆ.